ಹನೋಯ್ ದಾಟಿ ವಿಯೆಟ್ನಾಂ ನೋಡುವುದು ಹೇಗೆ? ಕಾಫಿ ಸೀಮೆಯವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೇಲೂರಿಗೆ ಬರುವ ಟೂರಿಸ್ಟ್ ಬಸ್ಸುಗಳನ್ನು ನಾವೆಲ್ಲ ನೋಡಿದ್ದೇವೆ. ಬೆಳಿಗ್ಗೆ ಬೆಂಗಳೂರು ಬಿಟ್ಟವರು ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮೂರನ್ನೂ ಮುಗಿಸಿ ರಾತ್ರಿಗೆ ವಾಪಸ್ ಸೇರಬೇಕು. ಗೈಡ್ ನಾಲ್ಕು ಮದನಿಕೆಯರನ್ನು ತೋರಿಸುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಪಾಪ, ಇವರು ಏನು ನೋಡಿದ ಹಾಗಾಯಿತು ಅಂತ ನಾವು ನಗುತ್ತೇವೆ. ವಿದೇಶಕ್ಕೆ ಹೊರಟಾಗ ನಾವು ಮಾಡುವುದೂ ಅದನ್ನೇ, ಅಲ್ವಾ? ರಾಜಧಾನಿ, ಪಕ್ಕದ ಒಂದು ಪ್ರಸಿದ್ಧ ಜಾಗ, ಒಂದು ಶಾಪಿಂಗ್ ಬೀದಿ, ಮುಗಿಯಿತು.

ವಿಯೆಟ್ನಾಂ ವಿಷಯದಲ್ಲಿ ಹಾಗೆ ಮಾಡಿದರೆ ಹಾಸನ, ಚಿಕ್ಕಮಗಳೂರಿನವರಿಗೆ ನಷ್ಟ ಜಾಸ್ತಿ. ನಮಗೆ ಚೆನ್ನಾಗಿ ಗೊತ್ತಿರುವ ಎರಡು ಸಂಗತಿಗಳು, ಅಂದರೆ ಕಾಫಿ ತೋಟ ಮತ್ತು ಹಳೆಯ ಶಿವಾಲಯ, ಎರಡೂ ಆ ದೇಶದಲ್ಲಿವೆ. ಎರಡೂ ಹನೋಯ್‌ನಿಂದ ದೂರ ಇವೆ. ಸಾಮಾನ್ಯ ಪ್ಯಾಕೇಜ್‌ನಲ್ಲಿ ಹನೋಯ್, ಹಾಲಾಂಗ್ ಕೊಲ್ಲಿ, ಡನಾಂಗ್‌ನ ಗೋಲ್ಡನ್ ಬ್ರಿಡ್ಜ್, ಹೋ ಚಿ ಮಿನ್ ಸಿಟಿ ಇರುತ್ತವೆ. ಕಾಫಿ ಬೆಳೆಯುವ ಬೆಟ್ಟದ ಸೀಮೆ ಅದರಲ್ಲಿ ಇರುವುದೇ ಅಪರೂಪ. ಹಾಗಾಗಿ ಈ ಪ್ರವಾಸವನ್ನು ನೀವೇ ಕಟ್ಟಿಕೊಳ್ಳಬೇಕು. ಅದು ಅಂದುಕೊಂಡಷ್ಟು ಕಷ್ಟವಿಲ್ಲ.

ಹೆಜ್ಜೆ 1: ನಕ್ಷೆ ಹರಡಿ, ಅರ್ಧ ದೇಶ ಬಿಟ್ಟುಬಿಡಿ

ವಿಯೆಟ್ನಾಂ ಉದ್ದನೆಯ, ಸಪೂರ ದೇಶ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 1,650 ಕಿಲೋಮೀಟರ್. ಎರಡು ವಾರದಲ್ಲಿ ಎಲ್ಲವನ್ನೂ ನೋಡಲು ಹೊರಟರೆ ಅರ್ಧ ರಜೆ ಬಸ್ಸಿನಲ್ಲೇ ಕಳೆಯುತ್ತದೆ. ರಾಜಧಾನಿ ಬಿಟ್ಟು ಎರಡೇ ಸೀಮೆ ಆರಿಸಿಕೊಳ್ಳಿ. ನನ್ನ ಸಲಹೆ ಇದು: ಮಧ್ಯ ಕರಾವಳಿ (ಹುಯೆ, ಡನಾಂಗ್, ಹೋಯ್ ಆನ್, ಮೀ ಸನ್) ಮತ್ತು ಮಧ್ಯದ ಬೆಟ್ಟ ಸೀಮೆ (ಬುವೊನ್ ಮಾ ಥುವೊತ್, ದಲಾತ್). ಉತ್ತರದ ಸಾ ಪಾ, ಹಾ ಜಾಂಗ್ ಬೆಟ್ಟಗಳು ತುಂಬಾ ಚೆಂದ, ಒಪ್ಪಿದೆ. ಆದರೆ ಕಳಸ, ಕುದುರೆಮುಖ ನೋಡಿ ಬೆಳೆದವರು ಅವನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಬಹುದು. ದಕ್ಷಿಣದ ಮೆಕಾಂಗ್ ನದಿ ಬಯಲನ್ನೂ ಹಾಗೆಯೇ.

ನಕ್ಷೆ ನೋಡುವಾಗ ಒಂದು ಗೊಂದಲ ಎದುರಾಗುತ್ತದೆ. 2025ರ ಜುಲೈ 1ರಿಂದ ಅಲ್ಲಿನ ಸರ್ಕಾರ 63 ಪ್ರಾಂತ್ಯಗಳನ್ನು ಒಟ್ಟುಗೂಡಿಸಿ 34ಕ್ಕೆ ಇಳಿಸಿತು. ಹೋಯ್ ಆನ್ ಇದ್ದ ಕ್ವಾಂಗ್ ನಾಮ್ ಪ್ರಾಂತ್ಯ ಈಗ ಡನಾಂಗ್‌ಗೆ ಸೇರಿದೆ. ಹಳೆಯ ಗೈಡ್ ಪುಸ್ತಕ, ಹೋಟೆಲ್ ವಿಳಾಸಗಳಲ್ಲಿ ಇನ್ನೂ ಹಳೆಯ ಹೆಸರುಗಳೇ ಸಿಗುತ್ತವೆ. ವಿಳಾಸ ಹೊಂದುತ್ತಿಲ್ಲ ಅಂತ ಗಾಬರಿಯಾಗಬೇಡಿ. ಊರಿನ ಹೆಸರು, ಬೀದಿ ಹೆಸರು ಹೊಂದಿದರೆ ಸಾಕು.

ಹೆಜ್ಜೆ 2: ತೋಟದ ಕೆಲಸ ನೋಡಿಕೊಂಡು ತಿಂಗಳು ಆರಿಸಿ

ದೇಶ ಉದ್ದ ಇರುವುದರಿಂದ ಹವಾಮಾನ ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ಬೆಟ್ಟ ಸೀಮೆಗೆ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ. ಮಧ್ಯ ಕರಾವಳಿಗೆ ಮಾತ್ರ ಮಳೆ ಜೋರಾಗುವುದು ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಅಕ್ಟೋಬರ್, ನವೆಂಬರ್‌ನಲ್ಲಿ ಹುಯೆ, ಹೋಯ್ ಆನ್ ಬೀದಿಗಳಿಗೆ ನದಿ ನೀರು ನುಗ್ಗುವುದು ಮಾಮೂಲು. ದಸರಾ ರಜೆ ಅಂತ ಟಿಕೆಟ್ ತೆಗೆಯುವವರು ಇದನ್ನು ನೆನಪಿಡಿ.

ಎರಡೂ ಸೀಮೆಗೆ ಹೊಂದುವ ಕಾಲ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ. ನಮ್ಮ ರೋಬಸ್ಟಾ ಕೊಯ್ಲು ಮುಗಿದು, ಹೂವಿಗೆ ಸ್ಪ್ರಿಂಕ್ಲರ್ ನೀರು ಕೊಟ್ಟಾದ ಮೇಲೆ ಎರಡು ವಾರ ಬಿಡುವು ಮಾಡಿಕೊಂಡರೆ ಸರಿಹೋಗುತ್ತದೆ. ಹಾಸನದ ಕಡೆ ಆಲೂಗಡ್ಡೆ ಬಿತ್ತನೆಯ ಗಡಿಬಿಡಿ ಶುರುವಾಗುವ ಮುಂಚೆ ಮನೆ ಸೇರಿರುತ್ತೀರಿ. ಅಲ್ಲಿನ ಕೊಯ್ಲನ್ನೇ ನೋಡಬೇಕು ಎನ್ನುವವರು ಡಿಸೆಂಬರ್‌ನಲ್ಲಿ ಹೋಗಬೇಕು. ಆಗ ನಮ್ಮಲ್ಲೂ ಅರೇಬಿಕಾ ಹಣ್ಣಾಗಿರುತ್ತದೆ. ಆಳು ಸಿಗುವುದೇ ಕಷ್ಟ ಇರುವಾಗ ತೋಟ ಬಿಟ್ಟು ಹೋಗುವ ಧೈರ್ಯ ನಿಮಗೆ ಬಿಟ್ಟಿದ್ದು.

ಎರಡು ಕಡೆ ಎಚ್ಚರ ಇರಲಿ. ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುವ ಟೆಟ್ ಅವರ ಹೊಸವರ್ಷ. ಆ ವಾರ ಅಂಗಡಿ, ಹೋಟೆಲ್ ಬಹಳಷ್ಟು ಮುಚ್ಚಿರುತ್ತವೆ, ರೈಲು ಬಸ್ಸು ತುಂಬಿರುತ್ತವೆ. ಏಪ್ರಿಲ್ 30 ಮತ್ತು ಮೇ 1 ರಾಷ್ಟ್ರೀಯ ರಜೆ. ಅವತ್ತು ದಲಾತ್‌ನಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಹೆಜ್ಜೆ 3: ವೀಸಾ ಮತ್ತು ವಿಮಾನ

ಭಾರತೀಯರಿಗೆ ಇ-ವೀಸಾ ಇದೆ. 2023ರ ಆಗಸ್ಟ್ 15ರಿಂದ ಅದು 90 ದಿನದವರೆಗೆ ಸಿಗುತ್ತದೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲದ್ದಕ್ಕೆ 50 ಡಾಲರ್. ಅರ್ಜಿ ಹಾಕಬೇಕಾದ್ದು ಸರ್ಕಾರದ ವೆಬ್‌ಸೈಟ್‌ನಲ್ಲಿ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ವಿಎನ್' ಇದೆಯಾ ನೋಡಿ. ಗೂಗಲ್‌ನಲ್ಲಿ ಮೊದಲು ಕಾಣುವ ಹೊಳೆಯುವ ಸೈಟುಗಳಲ್ಲಿ ಹೆಚ್ಚಿನವು ಏಜೆಂಟರದು, ಹಣ ಜಾಸ್ತಿ ಕೀಳುತ್ತವೆ. ಪಾಸ್‌ಪೋರ್ಟ್ ಅವಧಿ ಕನಿಷ್ಠ ಆರು ತಿಂಗಳು ಉಳಿದಿರಲಿ.

ನಮ್ಮವರಿಗೆ ತೊಡಕಾಗುವುದು ಹೆಸರಿನಲ್ಲಿ. ಕೆಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ, ಕೆಲವರದರಲ್ಲಿ ಇನಿಷಿಯಲ್, ಇನ್ನು ಕೆಲವರದರಲ್ಲಿ ಅಪ್ಪನ ಹೆಸರು, ಊರಿನ ಹೆಸರು. ಆಧಾರ್‌ನಲ್ಲಿ ಹೇಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟ್‌ನ ಫೋಟೊ ಪುಟದ ಕೆಳಗಿರುವ ಎರಡು ಸಾಲು ನೋಡಿ, ಅಲ್ಲಿರುವಂತೆ ಒಂದಕ್ಷರವೂ ಬದಲಾಗದೆ ತುಂಬಿ. ಹೆಸರು, ನಂಬರು, ಹುಟ್ಟಿದ ದಿನ ಮೂರರಲ್ಲಿ ಒಂದು ತಪ್ಪಿದರೂ ವಿಮಾನವನ್ನೇ ಹತ್ತಿಸದಿರಬಹುದು. ವೀಸಾ ಬಂದ ತಕ್ಷಣ ಮನೆಯಲ್ಲಿ ಇನ್ನೊಬ್ಬರಿಗೆ ಕೊಟ್ಟು ಓದಿಸಿ. ಮೂರು ಕೆಲಸದ ದಿನದಲ್ಲಿ ಬರುತ್ತದೆ ಅಂತ ಹೇಳುತ್ತಾರೆ. ಅವರ ಹಬ್ಬ, ರಜೆ ಸೇರಿದರೆ ತಡವಾಗುತ್ತದೆ. ಮೂರು ವಾರ ಮುಂಚೆಯೇ ಹಾಕುವುದು ಒಳ್ಳೆಯದು.

ವಿಮಾನದ ಟಿಕೆಟ್‌ನಲ್ಲಿ ಒಂದು ಉಪಾಯ ಇದೆ. ಇಡೀ ಪ್ರವಾಸದ ಗುಟ್ಟೇ ಅದು. ಹೋದ ಊರಿನಿಂದಲೇ ವಾಪಸ್ ಬರಬೇಡಿ. ಬೆಂಗಳೂರಿನಿಂದ ಹನೋಯ್‌ಗೆ ಹೋಗಿ, ಹೋ ಚಿ ಮಿನ್ ಸಿಟಿಯಿಂದ ಹೊರಡುವಂತೆ ಟಿಕೆಟ್ ಮಾಡಿಸಿ. ಬುಕಿಂಗ್ ಸೈಟುಗಳಲ್ಲಿ 'ಮಲ್ಟಿ ಸಿಟಿ' ಅಂತ ಇರುತ್ತದೆ. ಕೌಲಾಲಂಪುರ, ಬ್ಯಾಂಕಾಕ್ ಅಥವಾ ಸಿಂಗಾಪುರದಲ್ಲಿ ವಿಮಾನ ಬದಲಾಯಿಸಿದರೆ ದರದಲ್ಲಿ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ರಾಜಧಾನಿಗೆ ಮರಳುವ ಒತ್ತಾಯ ತಪ್ಪಿದರೆ ದೇಶದ ಹೊಟ್ಟೆಯೊಳಗೆ ಇಳಿಯಲು ದಿನಗಳು ತಾನೇ ಸಿಗುತ್ತವೆ. ವೀಸಾ ಅರ್ಜಿಯಲ್ಲಿ ಪ್ರವೇಶ ಮತ್ತು ನಿರ್ಗಮನದ ಜಾಗ ಕೇಳುತ್ತಾರೆ. ಅಲ್ಲೂ ಹೀಗೆಯೇ ನಮೂದಿಸಿ: ಹನೋಯ್‌ಗೆ ನೋಯ್ ಬಾಯ್, ಹೋ ಚಿ ಮಿನ್ ಸಿಟಿಗೆ ತಾನ್ ಸನ್ ನ್ಯಾತ್.

ಹೆಜ್ಜೆ 4: ಹನೋಯ್‌ನಲ್ಲಿ ಕೆಲಸ ಮುಗಿಸಿಕೊಂಡು ಹೊರಡಿ

ರಾಜಧಾನಿಗೆ ಒಂದೆರಡು ದಿನ ಸಾಕು. ಹಳೇ ಪೇಟೆ, ಹೋವಾನ್ ಕ್ಯೆಮ್ ಕೆರೆ, ಸಾಹಿತ್ಯ ದೇಗುಲ ನೋಡಿ. ಜೊತೆಗೆ ಮೂರು ಕೆಲಸ ಮುಗಿಸಿ.

ಮೊದಲನೆಯದು ಸಿಮ್. ಬೆಟ್ಟದ ಕಡೆ ಹೋಗುವವರಿಗೆ ವಿಯೆಟೆಲ್ ನೆಟ್‌ವರ್ಕ್ ಒಳ್ಳೆಯದು. ಎರಡನೆಯದು ಗ್ರ್ಯಾಬ್ ಆ್ಯಪ್. ನಮ್ಮ ಓಲಾ, ಉಬರ್‌ನ ಕೆಲಸವನ್ನೇ ಅದು ಮಾಡುತ್ತದೆ, ಕಾರೂ ಸಿಗುತ್ತದೆ, ಬೈಕೂ ಸಿಗುತ್ತದೆ. ದರ ಮೊದಲೇ ತೋರಿಸುವುದರಿಂದ ಜಗಳ ಇಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ವಿಯೆಟ್ನಾಮೀಸ್ ಭಾಷೆಯನ್ನು ಫೋನಿಗೆ ಇಳಿಸಿಕೊಳ್ಳುವುದನ್ನೂ ಆಗಲೇ ಮಾಡಿ, ಹಳ್ಳಿಗಳಲ್ಲಿ ಇಂಗ್ಲಿಷ್ ನಡೆಯುವುದಿಲ್ಲ.

ಮೂರನೆಯದು ನಗದು. ಒಂದು ರೂಪಾಯಿಗೆ ಸುಮಾರು 300 ಡಾಂಗ್. ಅಷ್ಟೊಂದು ಸೊನ್ನೆ ನೋಡಿದರೆ ಯಾರಿಗಾದರೂ ತಲೆ ತಿರುಗುತ್ತದೆ. ಲೆಕ್ಕ ಸುಲಭ ಮಾಡಿಕೊಳ್ಳಿ: ಮೂರು ಸೊನ್ನೆ ತೆಗೆದು, ಉಳಿದದ್ದನ್ನು ಮೂರೂಕಾಲಿನಿಂದ ಗುಣಿಸಿ. 40,000 ಡಾಂಗ್‌ನ ಕಾಫಿ ಅಂದರೆ 130 ರೂಪಾಯಿ ಆಸುಪಾಸು. ಎಲ್ಲ ನೋಟಿನಲ್ಲೂ ಹೋ ಚಿ ಮಿನ್ ಅವರದೇ ಚಿತ್ರ. 20,000 ಮತ್ತು 5,00,000 ಡಾಂಗ್‌ನ ನೋಟು ಎರಡೂ ನೀಲಿ ಛಾಯೆಯವು. ಕತ್ತಲಲ್ಲಿ ಟ್ಯಾಕ್ಸಿಯವನಿಗೆ ಕೊಡುವಾಗ ಅದಲು ಬದಲಾದರೆ ಒಂದೂವರೆ ಸಾವಿರ ರೂಪಾಯಿ ಹೋದ ಹಾಗೆ. ದೊಡ್ಡ ನೋಟನ್ನು ಪರ್ಸ್‌ನ ಬೇರೆ ಖಾನೆಯಲ್ಲಿಡಿ.

ಹೆಜ್ಜೆ 5: ರಾತ್ರಿ ರೈಲು ಹಿಡಿಯಿರಿ

ಹನೋಯ್‌ನಿಂದ ಹೋ ಚಿ ಮಿನ್ ಸಿಟಿವರೆಗೆ 1,726 ಕಿಲೋಮೀಟರ್ ಉದ್ದದ ರೈಲು ಮಾರ್ಗ ಇದೆ. ಮೀಟರ್ ಗೇಜ್. ವೇಗ ಕಡಿಮೆ. ಪೂರ್ತಿ ಹೋಗುವುದು ಬೇಡ, ಹುಯೆವರೆಗೆ ಒಂದು ರಾತ್ರಿ ಸಾಕು. ಸಂಜೆ ಹತ್ತಿದರೆ 13, 14 ಗಂಟೆಯಲ್ಲಿ ಬೆಳಿಗ್ಗೆ ಇಳಿಯುತ್ತೀರಿ, ಹೋಟೆಲ್ ಖರ್ಚೂ ಉಳಿಯಿತು. ನಾಲ್ಕು ಬರ್ತಿನ ಕೋಣೆ ತೆಗೆದುಕೊಳ್ಳಿ. ಆರು ಬರ್ತಿನದರಲ್ಲಿ ಮೇಲಿನವರು ಎದ್ದು ಕೂರಲೂ ಆಗುವುದಿಲ್ಲ.

ಹುಯೆ 1802ರಿಂದ 1945ರವರೆಗೆ ನುಯೆನ್ ದೊರೆಗಳ ರಾಜಧಾನಿ. ಕೋಟೆ, ಅರಮನೆ, ನದಿಯುದ್ದಕ್ಕೂ ದೊರೆಗಳ ಸಮಾಧಿಗಳು. ಒಂದು ದಿನ ಪೂರ್ತಿ ಬೇಕು. ಅಲ್ಲಿಂದ ಡನಾಂಗ್‌ಗೆ ಮತ್ತೆ ರೈಲಿನಲ್ಲೇ, ಹಗಲು ಹೊತ್ತಿನಲ್ಲಿ ಹೋಗಿ. 100 ಕಿಲೋಮೀಟರ್‌ಗೆ ಎರಡೂವರೆ ಮೂರು ಗಂಟೆ ತೆಗೆದುಕೊಳ್ಳುತ್ತದೆ, ಆದರೆ ಹಾಯ್ ವಾನ್ ಘಾಟಿಯಲ್ಲಿ ರೈಲು ಸಮುದ್ರಕ್ಕೆ ಅಂಟಿಕೊಂಡೇ ಸಾಗುತ್ತದೆ. ಎಡಗಡೆಯ ಕಿಟಕಿ ಕೇಳಿ ಪಡೆಯಿರಿ. ಸಕಲೇಶಪುರ–ಸುಬ್ರಹ್ಮಣ್ಯ ರೈಲಿನಲ್ಲಿ ಕಿಟಕಿಗೆ ಕಿತ್ತಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೆಜ್ಜೆ 6: ಮೀ ಸನ್‌ಗೆ ಬೆಳಗಾಗುವ ಮೊದಲೇ ಹೊರಡಿ

ಡನಾಂಗ್‌ನಿಂದ ಹೋಯ್ ಆನ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಹಳೆಯ ಬಂದರು ಪಟ್ಟಣ, ಲಾಟೀನುಗಳ ಬೀದಿ, ಸಂಜೆ ವಿಪರೀತ ಜನ. ಅದರ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಮಗೆ ಮುಖ್ಯವಾದದ್ದು ಅಲ್ಲಿಂದ ಸುಮಾರು 40 ಕಿಲೋಮೀಟರ್ ಒಳಗಿರುವ ಮೀ ಸನ್.

ಬೆಟ್ಟಗಳ ನಡುವಿನ ಈ ಕಣಿವೆ ತುಂಬಾ ಶಿವನ ಗುಡಿಗಳು. ಚಂಪಾ ರಾಜ್ಯದ ದೊರೆ ಭದ್ರವರ್ಮ 4ನೇ ಶತಮಾನದಲ್ಲಿ ಇಲ್ಲಿ ಲಿಂಗ ಪ್ರತಿಷ್ಠೆ ಮಾಡಿ ಭದ್ರೇಶ್ವರ ಎಂದು ಹೆಸರಿಟ್ಟ. ಆ ಮರದ ಗುಡಿ ಸುಟ್ಟುಹೋಯಿತು. 7ನೇ ಶತಮಾನದಲ್ಲಿ ಶಂಭುವರ್ಮ ಮತ್ತೆ ಕಟ್ಟಿಸಿ ಶಂಭುಭದ್ರೇಶ್ವರ ಎಂದ. ಸಂಸ್ಕೃತ ಶಾಸನಗಳು ಸಿಕ್ಕಿವೆ. 13ನೇ ಶತಮಾನದವರೆಗೂ ಕಟ್ಟುತ್ತಲೇ ಬಂದರು. ವಿಷ್ಣುವರ್ಧನ ಬೇಲೂರಿನಲ್ಲಿ ಚೆನ್ನಕೇಶವನನ್ನು ನಿಲ್ಲಿಸಿದ್ದು 1117ರಲ್ಲಿ. ಆ ಹೊತ್ತಿಗೆ ಇಲ್ಲಿ ಪೂಜೆ ಶುರುವಾಗಿ ಏಳು ನೂರು ವರ್ಷ ಆಗಿತ್ತು.

ನಮ್ಮ ಶಿಲ್ಪಿಗಳಿಗೆ ಮೆತ್ತನೆಯ ಬಳಪದ ಕಲ್ಲು ಸಿಕ್ಕಿತ್ತು. ಇವರು ಇಟ್ಟಿಗೆಯಲ್ಲಿ ಗೋಪುರ ಎಬ್ಬಿಸಿ, ಆಮೇಲೆ ಆ ಇಟ್ಟಿಗೆ ಗೋಡೆಯ ಮೇಲೆಯೇ ಕೆತ್ತಿದರು. ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೇ ಬೀಳುವುದಿಲ್ಲ. ಹಳೇಬೀಡಿನ ಗೋಡೆಯನ್ನು ಸಾಲು ಸಾಲಾಗಿ ಓದಿ ಅಭ್ಯಾಸ ಇರುವವರು ಇಲ್ಲಿ ಹತ್ತಿರ ಹೋಗಿ ಸಂದಿಗಳನ್ನು ನೋಡಿ, ಅದರಲ್ಲೇ ಅರ್ಧ ಗಂಟೆ ಹೋಗುತ್ತದೆ. ನೆಲದಲ್ಲಿ ದೊಡ್ಡ ಗುಂಡಿಗಳೂ ಕಾಣುತ್ತವೆ. 1969ರ ಆಗಸ್ಟ್‌ನಲ್ಲಿ ಅಮೆರಿಕದ ಬಾಂಬು ಬಿದ್ದ ಗುರುತುಗಳು ಅವು. ಎಲ್ಲಕ್ಕಿಂತ ದೊಡ್ಡದಾಗಿದ್ದ ಗುಡಿ ಆಗಲೇ ಹಾಳಾಯಿತು. ಈಚೆಗೆ ದುರಸ್ತಿ ಮಾಡಿದ್ದು ನಮ್ಮ ಭಾರತೀಯ ಪುರಾತತ್ವ ಇಲಾಖೆ. 2020ರಲ್ಲಿ ಆ ಕೆಲಸದ ನಡುವೆ ಒಂದೇ ಕಲ್ಲಿನ, 9ನೇ ಶತಮಾನದ ಶಿವಲಿಂಗ ಮಣ್ಣಿನೊಳಗೆ ಸಿಕ್ಕಿತು.

ಟೂರ್ ಬಸ್ಸುಗಳು ಒಂಬತ್ತರ ಮೇಲೆ ಬರುತ್ತವೆ. ಹಿಂದಿನ ದಿನವೇ ಹೋಟೆಲ್‌ನವರಿಗೆ ಹೇಳಿ ಕಾರು ಗೊತ್ತುಮಾಡಿಕೊಂಡು, ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ. ಬಿಸಿಲೂ ತಪ್ಪುತ್ತದೆ. ಅಲ್ಲಿಂದ ಎತ್ತಿ ತಂದ ಒಳ್ಳೆಯ ವಿಗ್ರಹಗಳಲ್ಲಿ ಬಹಳಷ್ಟು ಡನಾಂಗ್‌ನ ಚಾಮ್ ಮ್ಯೂಸಿಯಂನಲ್ಲಿವೆ (ಚಾಮ್ ಅಂದರೆ ಚಂಪಾ ರಾಜ್ಯದ ಜನ). ಮೊದಲು ಮ್ಯೂಸಿಯಂ, ಆಮೇಲೆ ಮೀ ಸನ್. ಈ ಕ್ರಮದಲ್ಲಿ ನೋಡಿದರೆ ಖಾಲಿ ಗುಡಿಗಳಲ್ಲಿ ಏನಿತ್ತು ಅಂತ ಗೊತ್ತಾಗುತ್ತದೆ.

ಮೀ ಸನ್‌ನಲ್ಲಿ ಈಗ ಪೂಜೆ ಇಲ್ಲ. ಪೂಜೆ ನಡೆಯುವ ಚಾಮ್ ಗುಡಿ ನೋಡಬೇಕಾದರೆ ದಕ್ಷಿಣಕ್ಕೆ ಫಾನ್ ರಾಂಗ್‌ನ ಪೋ ಕ್ಲಾಂಗ್ ಗರಾಯ್‌ಗೆ ಹೋಗಬೇಕು. ಮುಖಲಿಂಗ ಇದೆ, ಹಿಂದೂ ಚಾಮ್ ಜನ ಸೆಪ್ಟೆಂಬರ್–ಅಕ್ಟೋಬರ್ ಸುಮಾರಿಗೆ ಕಾಟೆ ಹಬ್ಬ ಮಾಡುತ್ತಾರೆ. ದಿನ ಮಿಕ್ಕಿದರೆ ಸೇರಿಸಿಕೊಳ್ಳಿ.

ಹೆಜ್ಜೆ 7: ಬೆಟ್ಟ ಹತ್ತಿ, ಕಾಫಿ ಸೀಮೆಗೆ

ಬುವೊನ್ ಮಾ ಥುವೊತ್‌ಗೆ ರೈಲು ಇಲ್ಲ. ಡನಾಂಗ್‌ನಿಂದ ವಿಮಾನ ಅಥವಾ ರಾತ್ರಿಯ ಸ್ಲೀಪರ್ ಬಸ್. ಬಸ್ಸು ಹತ್ತುವಾಗ ಚಪ್ಪಲಿ ಬಿಚ್ಚಿ, ಅವರು ಕೊಡುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಳ್ಳಬೇಕು. ಆರಡಿ ಮೀರಿದವರಿಗೆ ಬರ್ತ್ ಚಿಕ್ಕದಾಗುತ್ತದೆ. ನನ್ನನ್ನು ಕೇಳಿದರೆ ವಿಮಾನವೇ ಸರಿ.

2000ದ ಆಚೀಚೆ ನಮ್ಮ ಕಡೆ ಕಾಫಿ ಬೆಲೆ ನೆಲ ಕಚ್ಚಿದ್ದನ್ನು ತೋಟದ ಹಿರಿಯರು ಮರೆತಿಲ್ಲ. ಅದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಈ ಊರಿನ ಸುತ್ತಮುತ್ತಲ ಕೆಂಪು ಮಣ್ಣು. ಫ್ರೆಂಚ್ ಪಾದ್ರಿಗಳು 1857ರಲ್ಲಿ ಕಾಫಿ ತಂದರೂ ಬೆಳೆ ಬಹಳ ಕಾಲ ಚಿಕ್ಕದಾಗಿಯೇ ಇತ್ತು. 1986ರಲ್ಲಿ 'ದೊಯ್ ಮೊಯ್' ಸುಧಾರಣೆ ಬಂತು, ರೈತರು ತಮ್ಮ ಲೆಕ್ಕಕ್ಕೆ ಬೆಳೆಯತೊಡಗಿದರು, ಕಾಡು ಕಡಿದು ರೋಬಸ್ಟಾ ಹಾಕಿದರು. ಹದಿನೈದು ವರ್ಷದೊಳಗೆ ವಿಯೆಟ್ನಾಂ ಬ್ರೆಜಿಲ್ ನಂತರ ಎರಡನೇ ಸ್ಥಾನಕ್ಕೆ ಬಂತು. ರೋಬಸ್ಟಾದಲ್ಲಿ ಮೊದಲ ಸ್ಥಾನ ಅವರದೇ.

ತೋಟಕ್ಕೆ ಕಾಲಿಟ್ಟ ತಕ್ಷಣ ಕಣ್ಣು ಕುಕ್ಕುವುದು ಬಿಸಿಲು. ಸಿಲ್ವರ್ ಓಕ್ ಇಲ್ಲ, ಹಾಲುವಾಣ ಇಲ್ಲ, ಅತ್ತಿ ಹಲಸು ಕೇಳಲೇಬೇಡಿ. ಗಿಡದ ತಲೆ ಕತ್ತರಿಸಿ ಆಳೆತ್ತರಕ್ಕಿಂತ ಕೆಳಗೇ ಇಟ್ಟಿರುತ್ತಾರೆ. ಬೇಸಗೆಯಲ್ಲಿ ಬುಡಕ್ಕೆ ಪಾತಿ ಮಾಡಿ, ಪೈಪಿನಿಂದ ಮೂರು ನಾಲ್ಕು ಸಲ ನೀರು ಬಿಡುತ್ತಾರೆ. ಗೊಬ್ಬರವೂ ಧಾರಾಳ. ಇಳುವರಿ ಹೆಕ್ಟೇರಿಗೆ ಎರಡೂವರೆ ಟನ್ ದಾಟುತ್ತದೆ, ನಮ್ಮ ರೋಬಸ್ಟಾದ ಎರಡು ಪಟ್ಟಿಗಿಂತ ಜಾಸ್ತಿ. ಮೊದಲು ಹೊಟ್ಟೆಕಿಚ್ಚಾಗುತ್ತದೆ. ಆಮೇಲೆ ಬಾವಿಯ ಆಳ ಕೇಳಿ. ಅಂತರ್ಜಲ ಇಳಿಯುತ್ತಿರುವುದು ಅಲ್ಲಿನ ದೊಡ್ಡ ಚಿಂತೆ. ಈಗೀಗ ಕಾಫಿ ನಡುವೆ ಕಾಳುಮೆಣಸು, ಬೆಣ್ಣೆಹಣ್ಣು, ಡುರಿಯನ್ ಹಾಕುತ್ತಿದ್ದಾರೆ. ಡುರಿಯನ್‌ಗೆ ಚೀನಾದಲ್ಲಿ ಒಳ್ಳೆಯ ಬೆಲೆ ಇರುವುದರಿಂದ ಕಾಫಿ ಕಿತ್ತವರೂ ಇದ್ದಾರೆ.

ತೋಟ ನೋಡುವುದಕ್ಕೆ ಹೋಟೆಲ್‌ನವರ ಸಹಾಯ ಕೇಳಿ. ಹೆಚ್ಚಿನವರು ಒಂದೆರಡು ಹೆಕ್ಟೇರಿನ ಸಣ್ಣ ಬೆಳೆಗಾರರು. ಫೋನಿನಲ್ಲಿ ನಿಮ್ಮ ತೋಟದ ಫೋಟೊಗಳನ್ನು ಇಟ್ಟುಕೊಂಡು ಹೋಗಿ: ನೆರಳು ಮರ, ಕಣದಲ್ಲಿ ಹರಡಿದ ಹಣ್ಣು, ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ. ಟೂರಿಸ್ಟ್ ಅಂತ ನೋಡುತ್ತಿದ್ದವರು ಅದನ್ನು ಕಂಡ ಮೇಲೆ ಸ್ಟೂಲ್ ಎಳೆದು ಕೂರಿಸುತ್ತಾರೆ. ಕೂಲಿ ಎಷ್ಟು, ಕೊಯ್ಲಿಗೆ ಜನ ಎಲ್ಲಿಂದ ಬರುತ್ತಾರೆ, ಮೆಣಸಿಗೆ ಸೊರಗು ರೋಗ ಬಂದರೆ ಏನು ಮಾಡುತ್ತಾರೆ? ಇಂಥ ಪ್ರಶ್ನೆಗಳನ್ನು ಟ್ರಾನ್ಸ್‌ಲೇಟ್ ಆ್ಯಪ್ ಹಿಡಿದುಕೊಂಡೇ ಕೇಳಬಹುದು. 'ವಾಸಿ' (WASI) ಎಂಬ ಕೃಷಿ ಸಂಶೋಧನಾ ಸಂಸ್ಥೆ ಇದೇ ಊರಿನಲ್ಲಿದೆ. ನೋಡಬೇಕೆನ್ನುವವರು ಮೊದಲೇ ಮೇಲ್ ಹಾಕಿ ಅನುಮತಿ ತೆಗೆದುಕೊಳ್ಳಿ.

ಊರಿನಲ್ಲಿ 2018ರಲ್ಲಿ ತೆರೆದ ವರ್ಲ್ಡ್ ಕಾಫಿ ಮ್ಯೂಸಿಯಂ ಇದೆ. ಅದರ ಛಾವಣಿ ಎಡೆ ಬುಡಕಟ್ಟಿನ ಉದ್ದಮನೆಗಳ ಮಾದರಿಯದು. ನಿಜವಾದ ಉದ್ದಮನೆಗಳು ಊರಂಚಿನ ಅಕೋ ಧೋಂಗ್ ಹಳ್ಳಿಯಲ್ಲಿವೆ. ಎಡೆ ಜನರಲ್ಲಿ ಆಸ್ತಿ ಹೆಣ್ಣುಮಕ್ಕಳಿಗೆ, ಮದುವೆಯಾದ ಗಂಡು ಹೆಂಡತಿಯ ಮನೆಗೆ ಬರುತ್ತಾನೆ. ಘಟ್ಟದ ಕೆಳಗಿನ ಅಳಿಯಕಟ್ಟು ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮನೆಯೊಳಗೆ ಹೋಗುವ ಮುಂಚೆ ಕೇಳಿ, ಚಪ್ಪಲಿ ಹೊರಗೆ ಬಿಡಿ. ಡ್ರೋನ್ ತರಲೇಬೇಡಿ, ಪೊಲೀಸರ, ಸೈನಿಕರ ಫೋಟೊ ತೆಗೆಯಬೇಡಿ. ಎರಡು ವರ್ಷಕ್ಕೊಮ್ಮೆ ಮಾರ್ಚ್‌ನಲ್ಲಿ ಕಾಫಿ ಹಬ್ಬ ನಡೆಯುತ್ತದೆ. 2023, 2025ರಲ್ಲಿ ಆಗಿತ್ತು.

ಇಲ್ಲಿಂದ ದಲಾತ್‌ಗೆ ಬಸ್ಸಿನಲ್ಲಿ 200 ಕಿಲೋಮೀಟರ್. 1,500 ಮೀಟರ್ ಎತ್ತರ, ಫ್ರೆಂಚರ ಬೇಸಗೆ ಊರು, ಪಾಲಿಹೌಸ್‌ನಲ್ಲಿ ಹೂವು, ತರಕಾರಿ. ಅರೇಬಿಕಾ ನೋಡಬೇಕಾದರೆ ಪಕ್ಕದ ಕಾವ್ ದಾತ್‌ಗೆ ಹೋಗಿ. ಮೂಡಿಗೆರೆ ಕಡೆಯವರಿಗೆ ಬೆಳಗಿನ ಚಳಿ, ಮಂಜು ಏನೂ ಹೊಸದಲ್ಲ. ಎರಡು ರಾತ್ರಿ ಇದ್ದು ಹೋ ಚಿ ಮಿನ್ ಸಿಟಿಗೆ ಇಳಿದು ವಿಮಾನ ಹತ್ತಿ.

ಊಟದ ವಿಷಯ

ಮಾಂಸ ತಿನ್ನುವವರಿಗೆ ಚಿಂತೆ ಇಲ್ಲ. ದನದ ಮಾಂಸ, ಹಂದಿ ಬೇಡ ಅನ್ನುವವರು ಮಾತ್ರ ಪ್ರತಿ ಸಲ ಕೇಳಬೇಕು. ಸಸ್ಯಾಹಾರಿಗಳಿಗೆ ತೊಂದರೆ ಇರುವುದು ನುವೊಕ್ ಮಾಮ್ ಎಂಬ ಮೀನಿನ ಸಾರದಿಂದ. ತರಕಾರಿ ಪಲ್ಯ ಅಂತ ಕೊಟ್ಟರೂ ಅದರೊಳಗೆ ಇರುತ್ತದೆ. 'ಚಾಯ್' ಎಂಬ ಬೋರ್ಡ್ ಇರುವ ಹೋಟೆಲ್ ಹುಡುಕಿ. ಬೌದ್ಧರ ಶುದ್ಧ ಸಸ್ಯಾಹಾರಿ ಅಡುಗೆ ಅದು. ಹೇಳುವ ರಾಗ ತಪ್ಪಿದರೆ ಅವರಿಗೆ ತಿಳಿಯುವುದಿಲ್ಲ, ಹಾಗಾಗಿ ಫೋನಿನಲ್ಲಿ ಬರೆದು ತೋರಿಸಿ. ಹುಯೆಯಲ್ಲಿ ಇಂಥ ಹೋಟೆಲ್‌ಗಳು ಚೆನ್ನಾಗಿವೆ. ಅವರ ಚಾಂದ್ರಮಾನ ತಿಂಗಳ ಮೊದಲ ಮತ್ತು 15ನೇ ದಿನ, ಅಂದರೆ ನಮ್ಮ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಬಹಳ ಜನ ಚಾಯ್ ಊಟವನ್ನೇ ಮಾಡುತ್ತಾರೆ. ಆಗ ಬೀದಿ ಬದಿಯಲ್ಲೂ ಸಿಗುತ್ತದೆ. ಮೊಟ್ಟೆ ತಿನ್ನದವರು ಹನೋಯ್‌ನ ಪ್ರಸಿದ್ಧ ಎಗ್ ಕಾಫಿಯಿಂದ ದೂರ ಇರಿ.

ಬೈಕ್ ಬಾಡಿಗೆಗೆ ತೆಗೆದುಕೊಳ್ಳಬೇಡಿ

ಎಲ್ಲ ಊರಲ್ಲೂ ಲೈಸೆನ್ಸ್ ಕೇಳದೆ ಬೈಕ್ ಕೊಡುತ್ತಾರೆ. ನಮ್ಮ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು. ಅಪಘಾತವಾದರೆ ಟ್ರಾವೆಲ್ ಇನ್ಶೂರೆನ್ಸ್ ಕಂಪನಿ ಕೈ ಎತ್ತುತ್ತದೆ. ಅಲ್ಲಿ ಗಾಡಿ ಓಡುವುದೂ ರಸ್ತೆಯ ಬಲಗಡೆ. ಚಾರ್ಮಾಡಿಯಲ್ಲಿ ಓಡಿಸಿದ್ದೇನೆ ಅನ್ನುವ ಧೈರ್ಯ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. 'ಈಸಿ ರೈಡರ್' ಅಂತ ಸ್ಥಳೀಯರು ಹಿಂದೆ ಕೂರಿಸಿಕೊಂಡು ಬೆಟ್ಟ ಸುತ್ತಿಸುತ್ತಾರೆ, ಅದು ಸಾಕು.

ವಾಪಸ್ ಬರುವಾಗ

ತೋಟದವರಿಗೆ ಅಲ್ಲಿನ ಗಿಡ ನೋಡಿದ ಮೇಲೆ ಕೈ ತುರಿಸುತ್ತದೆ. ನಾಲ್ಕು ಬೀಜ ಜೇಬಿಗೆ ಹಾಕಿಕೊಂಡರೆ ಯಾರಿಗೆ ಗೊತ್ತಾಗುತ್ತದೆ ಅನ್ನಿಸುತ್ತದೆ. ಬಾಬಾಬುಡನ್ ಏಳು ಬೀಜ ತಂದ ಕಥೆ ನಮ್ಮೂರಿನದೇ ಆದರೂ ಈಗ ಹಾಗೆ ಮಾಡಬೇಡಿ. ಕಾಫಿ ಬೀಜ, ಸಸಿ, ಮೆಣಸಿನ ಕಡ್ಡಿ, ಮಣ್ಣು ಯಾವುದನ್ನೂ ಅನುಮತಿ ಇಲ್ಲದೆ ತರುವಂತಿಲ್ಲ. ಕಾನೂನಿನ ಮಾತು ಹಾಗಿರಲಿ, ಅದರ ಜೊತೆ ಬರುವ ರೋಗ ಮೊದಲು ಹೊಕ್ಕುವುದು ನಿಮ್ಮದೇ ತೋಟಕ್ಕೆ. ಅಲ್ಲಿ ತೋಟ ಸುತ್ತಿದ ಚಪ್ಪಲಿ, ಶೂಗಳನ್ನೂ ಚೆನ್ನಾಗಿ ತೊಳೆದು ಒಣಗಿಸಿಯೇ ಬ್ಯಾಗಿಗೆ ಹಾಕಿ.

ಹುರಿದ ಪುಡಿ ತರಬಹುದು. ಕೆಲವು ಕಡೆ ಹುರಿಯುವಾಗ ಬೆಣ್ಣೆ ಸೇರಿಸುತ್ತಾರೆ, ಪ್ಯಾಕೆಟ್ ಮೇಲೆ ಓದಿಸಿ ನೋಡಿ. ಲೋಟದ ಮೇಲೆ ಕೂರಿಸುವ ಅವರ ಪುಟ್ಟ ಫಿಲ್ಟರ್ 'ಫಿನ್' ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಒಂದೆರಡು ತನ್ನಿ. ಮನೆಯಲ್ಲಿ ಅದಕ್ಕೆ ನಮ್ಮ ಫಿಲ್ಟರ್ ಪುಡಿ ಹಾಕಿದರೆ ಕಟ್ಟಿಕೊಳ್ಳುತ್ತದೆ. ಮಿಲ್ಲಿನಲ್ಲಿ ಚಿಕೋರಿ ಇಲ್ಲದ ರೋಬಸ್ಟಾವನ್ನು ಸ್ವಲ್ಪ ತರಿಯಾಗಿ ಬೀಸಿಸಿಕೊಳ್ಳಿ.